ಹಳೇ 27 ಯು ಸರ್ವರ್ ಕ್ಯಾಬಿನೆಟ್‌ನಿಂದ ಬಯಲಾಟಕ್ಕೆ ಹೊತ್ತೊಯ್ಯೋ ರ‍್ಯಾಕ್ ಮಾಡಬಹುದಾ?

ಸಿರ್ಸಿ_ತಂತಿ · ಜೂನ್ 14, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದಿದೆ, ಮೇಳಗಳೆಲ್ಲ ಪತ್ತನಾಜೆಗೆ (ವರ್ಷದ ತಿರುಗಾಟ ಮುಗಿಸೋ ದಿನ) ಗೆಜ್ಜೆ ಬಿಚ್ಚಿವೆ, ನಮಗೂ ದೀಪಾವಳಿವರೆಗೆ ಕೆಲಸ ಕಮ್ಮಿ. ನಾವು ಮೂರು ಜನ ಯಕ್ಷಗಾನ, ಮದುವೆ, ಉಪನಯನಗಳ ನೇರಪ್ರಸಾರ ಮಾಡ್ತೀವಿ. ಇಷ್ಟು ದಿನ ನಮ್ಮ ನೆಟ್‌ವರ್ಕ್ ಸಾಮಾನೆಲ್ಲ ತರಕಾರಿ ಕ್ರೇಟ್‌ನಲ್ಲಿ ಹೋಗ್ತಿತ್ತು. ರೂಟರ್, 24 ಪೋರ್ಟಿನ ಪಿಒಇ ಸ್ವಿಚ್ (ನೆಟ್‌ವರ್ಕ್ ತಂತಿಯಲ್ಲೇ ಕರೆಂಟೂ ಕೊಡೋದು), ಎರಡು 4ಜಿ ಮೋಡೆಮ್, ಒಂದು ಪುಟ್ಟ ಕಂಪ್ಯೂಟರ್, ಯುಪಿಎಸ್, ಇವನ್ನೆಲ್ಲ ಕಟ್ಟೋ ಅಡಾಪ್ಟರುಗಳ ಹಾವಿನ ಗೂಡು. ಪ್ರತಿ ಸಲ ಜೋಡಿಸೋಕೆ ಒಂದೂವರೆ ಗಂಟೆ. ಹೋದ ಮಾರ್ಚ್‌ನಲ್ಲಿ ಚೌಕಿಯಿಂದ (ವೇಷ ಕಟ್ಟೋ ಜಾಗ) ರಂಗಸ್ಥಳಕ್ಕೆ ಹೊರಟಿದ್ದ ವೇಷವೊಂದರ ಕಾಲು ಮೋಡೆಮ್ಮಿನ ಅಡಾಪ್ಟರಿಗೆ ತಾಗಿ, ಮಹಿಷಾಸುರನ ಪ್ರವೇಶವೇ ಯಾರಿಗೂ ಕಾಣಲಿಲ್ಲ. ಬೈಗುಳ ಇನ್ನೂ ಬರ್ತಾ ಇದೆ.

ಮೊನ್ನೆ ಗುಜರಿಯಲ್ಲಿ ಒಂದು ಸರ್ವರ್ ಕ್ಯಾಬಿನೆಟ್ ಸಿಕ್ಕಿತು. ಯಾವುದೋ ಮುಚ್ಚಿದ ಆಫೀಸಿನದು. 27 ಯು (ಯು ಅಂದರೆ ಇಂಥ ಕ್ಯಾಬಿನೆಟ್ಟಿನ ಎತ್ತರದ ಅಳತೆ), 600 ಮಿ.ಮೀ. ಅಗಲ, 800 ಆಳ, ಮುಂದೆ ಗಾಜಿನ ಬಾಗಿಲು, ಬೀಗ ಇದೆ, ಕೀ ಇಲ್ಲ. ಕಿಲೋಗೆ 30ರಂತೆ ಕೊಟ್ಟ. ಮನೆಗೆ ತಂದು ಅಡಿಕೆ ತೂಗೋ ಕಾಟಾದ ಮೇಲೆ ನಿಲ್ಲಿಸಿದರೆ 71 ಕೆ.ಜಿ. ಬುಡಕ್ಕೆ ತುಕ್ಕು ಹಿಡಿದಿದೆ, ಉಳಿದಿದ್ದು ಗಟ್ಟಿ.

ಯೋಚನೆ ಇಷ್ಟೇ: ಇದನ್ನ 12 ಯುಗೆ ಕತ್ತರಿಸಿ, ಆಳವನ್ನೂ ಕಮ್ಮಿ ಮಾಡಿ, ವೆಲ್ಡ್ ಹೊಡೆಸಿ, ಚಕ್ರ ಹಾಕಿ ಗಾಡಿಗೆ ಏರಿಸೋದು. ಮಾಡಿದವರು ಇದ್ದರೆ ಹೇಳಿ. ಗಾಜಿನ ಬಾಗಿಲನ್ನೂ ಅರ್ಧ ಕತ್ತರಿಸಿ ಉಳಿಸಿಕೊಳ್ಳೋ ಆಸೆ ಇದೆ.

ಡೇಟಾಸೆಂಟರ್_ದಾಸ · ಜೂನ್ 14, ರಾತ್ರಿ 10:15

ಬೇಡ. ಗೋಡೆಗೆ ಹೊಡೆಯೋ 12 ಯು ರ‍್ಯಾಕ್ ಹೊಸದೇ ಸಿಗುತ್ತೆ. ಆ ತುಕ್ಕು, ಗ್ರೈಂಡರ್, ವೆಲ್ಡರ್ ಕೂಲಿ ಎಲ್ಲ ಸೇರಿದರೆ ಅದಕ್ಕಿಂತ ಜಾಸ್ತಿ ಆಗುತ್ತೆ. ಗಾಜಿನ ವಿಷಯ: ಕ್ಯಾಬಿನೆಟ್ ಬಾಗಿಲಿಗೆ ಹಾಕೋದು ಟಫನ್ಡ್ ಗಾಜು. ಅದನ್ನ ಕತ್ತರಿಸೋಕೆ ಆಗಲ್ಲ, ಕಟರ್ ತಾಗಿಸಿದರೆ ಇಡೀ ಗಾಜು ಜೋಳದ ಕಾಳಿನ ಹಾಗೆ ಉದುರುತ್ತೆ.

ಗುಜರಿ_ಗುಂಡ · ಜೂನ್ 14, ರಾತ್ರಿ 10:32

ದಾಸಣ್ಣ, ಗೋಡೆ ರ‍್ಯಾಕ್ ತಗೊಂಡು ಗಾಡಿಲಿ ಓಡಾಡಿಸಿದ್ದೀರಾ? ನಾನು ಓಡಾಡಿಸಿದ್ದೀನಿ. ಸಾಮಾನು ಬಿಗಿಯೋ ತೂತಿನ ಪಟ್ಟಿ, ಅಂದರೆ ರೈಲು, ಎರಡೇ; ತಗಡು ಪಾಪಡ್ ಥರ, ಅಲ್ಲಲ್ಲಿ ಚುಕ್ಕಿ ವೆಲ್ಡು. ನಾಲ್ಕನೇ ಟ್ರಿಪ್ಪಿಗೆ ಒಂದು ವೆಲ್ಡು ಬಿಟ್ಟುಕೊಳ್ತು. ಗೋಡೆಗೆ ಅಂತ ಮಾಡಿದ್ದು ಗೋಡೆಲೇ ಇರಬೇಕು.

ಸಿರ್ಸಿ ಅಣ್ಣ, ಕತ್ತರಿಸೋ ಮುಂಚೆ ಟೇಪ್ ಹಿಡಿದು ಅಳತೆ ನೋಡಿ. ನಾನು ಒಂದ್ಸಲ ಬೆಂಗಳೂರಿನ ಎಸ್.ಪಿ. ರೋಡ್ ಹಿಂದಿನ ಗಲ್ಲಿಲಿ ಭಾರಿ ಚೆನ್ನಾಗಿರೋ ಕ್ಯಾಬಿನೆಟ್ ಅಂತ ತಗೊಂಡೆ. ಮನೆಗೆ ಬಂದು ಸ್ವಿಚ್ ಹಿಡಿದರೆ ಎರಡು ಕಡೆನೂ ಗಾಳಿ. ಅದು ಟೆಲಿಕಾಂನವರ 21 ಇಂಚಿನದು! ಸ್ವಿಚ್ಚಿನ ಎರಡು ಬದಿಯ ಸ್ಕ್ರೂ ಹಾಕೋ ಕಿವಿ ರೈಲಿನ ತೂತಿಗೆ ತಲುಪೋದೇ ಇಲ್ಲ. ಈಗ ಅದರಲ್ಲಿ ನಮ್ಮಮ್ಮ ಉಪ್ಪಿನಕಾಯಿ ಭರಣಿ ಇಟ್ಟಿದ್ದಾರೆ.

ಸಿರ್ಸಿ_ತಂತಿ · ಜೂನ್ 15, ಬೆಳಿಗ್ಗೆ 7:05

ಎದ್ದವನೇ ಅಳೆದೆ. ಎರಡು ರೈಲುಗಳ ನಡುವೆ ಖಾಲಿ ಜಾಗ 450 ಮಿ.ಮೀ., ತೂತಿನ ನಡುವಿನಿಂದ ತೂತಿನ ನಡುವಿಗೆ 465. ತೂತು ಚೌಕ, ಒಳಗೆ ಸಿಕ್ಕಿಸೋ ಕೇಜ್ ನಟ್ ಹಾಕೋದು. 19 ಇಂಚಿನದ್ದೇ ತಾನೆ?

ಡೇಟಾಸೆಂಟರ್_ದಾಸ · ಜೂನ್ 15, ಬೆಳಿಗ್ಗೆ 8:20

ಹೌದು, ಅದೇ. ಸಾಮಾನಿನ ಮುಂದಿನ ಪಟ್ಟಿ 482.6 ಮಿ.ಮೀ. ಇದ್ದರೆ 19 ಇಂಚು. ಚೌಕ ತೂತು 9.5 ಮಿ.ಮೀ., ಅದಕ್ಕೆ ಎಂ6 ಕೇಜ್ ನಟ್. ಹಠ ಹಿಡಿದಿದ್ದೀರಿ ಅಂತಾದರೆ ಮಾಡಿ, ನಾನು ತಡೆಯಲ್ಲ. ಆದರೆ 71 ಕೆ.ಜಿ.ಯಲ್ಲಿ ಎಷ್ಟು ಉಳೀತದೆ ಅಂತ ಮೊದಲೇ ಲೆಕ್ಕ ಹಾಕಿ. ಹೊರೋರು ನೀವು.

ಹುಬ್ಬಳ್ಳಿ_ಫ್ಯಾಬ್ · ಜೂನ್ 15, ಮಧ್ಯಾಹ್ನ 2:11

ನಂದು ಫ್ಯಾಬ್ರಿಕೇಶನ್ ಶೆಡ್ ಐತ್ರಿ, ಇಂಥಾ ಕ್ಯಾಬಿನೆಟ್ ಭಾಳ ಮಾಡೇನಿ. ಒಂದ್ ಮಾತ್ ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ನೀವು ಇದನ್ನ ಅಡ್ಡ ಕೊಯ್ದು ಮತ್ತ ಜೋಡಸೂ ಯೋಚನಿ ಬಿಟ್ಟಬಿಡ್ರಿ. ಇದರ ಫ್ರೇಮ್ ಅಂದ್ರ ಒಂದೂವರಿ, ಎರಡ ಎಂಎಂ ತಗಡ ಮಡಚಿದ್ದು. ಅದಕ್ಕ ಆರ್ಕ್ ವೆಲ್ಡಿಂಗ್ ಹೊಡಸಿದ್ರ ತೂತ ಬೀಳತೈತಿ, ಇಲ್ಲಾಂದ್ರ ಶಾಖಕ್ಕ ಸೊಟ್ಟ ಆಗತೈತಿ. ಮೂಲೆಮಟ್ಟ ಹಿಡದ್ರ ಒಂದ್ ಮೂಲಿನೂ ಕೂಡೂದಿಲ್ಲ. ಕೊನಿಗೆ ಸ್ವಿಚ್ ಹಾಕೂ ಮುಂದ ಸ್ಕ್ರೂ ಹತ್ತೂದಿಲ್ಲ ಅಂತ ಅಳ್ತೀರಿ.

ಆ ಕ್ಯಾಬಿನೆಟ್ಟಿನ್ಯಾಗ ಬೆಲಿ ಇರೂದು ನಾಕ ರೈಲಿಗೆ ಅಷ್ಟ. ಅವು ಬೋಲ್ಟ್ ಹಾಕಿ ಕೂಡಿಸಿದ್ದು ಇರತಾವ, ಬಿಚ್ಚಿ ತಗೀರಿ. ಅಳತಿಗೆ ಕೊಯ್ರಿ. ಎಲ್ ಆಂಗಲ್ ತಗೊಂಡು ಹೊಸಾ ಸಣ್ಣ ಚೌಕಟ್ ಮಾಡ್ರಿ, ಬೋಲ್ಟಿಂದನ ಕೂಡಸ್ರಿ. ವೆಲ್ಡಿಂಗ್ ಬ್ಯಾಡ. ಉಳಿದದ್ದೆಲ್ಲ ಬರೇ ಡಬ್ಬಿ.

ಇನ್ನೊಂದು: ಆ ರೈಲಿಗೆ ಬೆಳ್ಳಗ ಹೊಳಿಯೂ ಜಿಂಕ್ ಲೇಪ ಇದ್ರ, ಅದರ ಮ್ಯಾಲೆ ವೆಲ್ಡಿಂಗ್ ಹೊಡದ್ರ ಏಳೂ ಹೊಗಿ ಕುಡದು ರಾತ್ರಿ ಚಳಿಜ್ವರ ಬರತೈತಿ. ನಮ್ಮ ಹುಡುಗೂರಿಗೆ ಬಂದದ್ದೈತಿ.

ಸಿರ್ಸಿ_ತಂತಿ · ಜೂನ್ 15, ಸಂಜೆ 6:48

ಫ್ಯಾಬ್ ಸರ್, ಸಿಟ್ಟು ಎಲ್ಲಿಂದ ಬಂತು, ನಿಮ್ಮ ಮಾತು ಕೇಳಿ ನಾಳೆ ಬರಬೇಕಿದ್ದ ವೆಲ್ಡರನ್ನೇ ಬೇಡ ಅಂದೆ. ರೈಲು ಬಿಚ್ಚಿದೆ. ಹದಿನಾರು ಬೋಲ್ಟು, ಅದರಲ್ಲಿ ಮೂರು ತುಕ್ಕಿಗೆ ಅಂಟಿಕೊಂಡಿದ್ದವು. ಸೀಮೆಎಣ್ಣೆ ಹಾಕಿ ಒಂದು ಗಂಟೆ ಬಿಟ್ಟೆ, ಎರಡು ಬಂದವು, ಒಂದರ ತಲೆ ಹಾರಿಸಬೇಕಾಯ್ತು. ನಾಲ್ಕೂ ರೈಲು ಸೇರಿ 8 ಕೆ.ಜಿ. ಕೂಡ ಇಲ್ಲ! ಅಂದರೆ 63 ಕೆ.ಜಿ. ಬರೀ ಡಬ್ಬಿಯನ್ನ ಘಟ್ಟ ಇಳಿಸಿ ಹತ್ತಿಸೋಕೆ ಹೊರಟಿದ್ದೆ.

ಗುಜರಿ_ಗುಂಡ · ಜೂನ್ 15, ಸಂಜೆ 7:02

ಆ ಡಬ್ಬ ಬಿಸಾಕಬೇಡಿ ಗುರು. ಯಾರಾದ್ರೂ ಕೇಳೇ ಕೇಳ್ತಾರೆ.

ಸಿರ್ಸಿ_ತಂತಿ · ಜುಲೈ 3, ರಾತ್ರಿ 8:30

ಎಡವಟ್ಟಾಗಿದೆ. ನಾಲ್ಕು ರೈಲನ್ನೂ ಒಟ್ಟಿಗೆ ಕಟ್ಟಿ ಒಂದೇ ಏಟಿಗೆ ಗ್ರೈಂಡರಿನಲ್ಲಿ ಕೊಯ್ದೆ, ಎಲ್ಲಾ ಒಂದೇ ಉದ್ದ ಇರಲಿ ಅಂತ. ಉದ್ದ ಒಂದೇ ಇದೆ. ಆದರೆ ಪ್ಯಾಚ್ ಪ್ಯಾನೆಲ್ (ನೆಟ್‌ವರ್ಕ್ ತಂತಿ ಚುಚ್ಚೋ ಪಟ್ಟಿ) ಹಾಕೋಕೆ ಹೋದರೆ ಎಡಗಡೆ ಸ್ಕ್ರೂ ಕೂರುತ್ತೆ, ಬಲಗಡೆ ತೂತು ಅರ್ಧ ಸೆಂಟಿಮೀಟರ್ ಮೇಲೆ. ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದೆ, ಒಂದೇ ಬಂತು. ಸೊಟ್ಟ ಇಲ್ಲ. ಮತ್ತೆ ಏನಿದು?

ಡೇಟಾಸೆಂಟರ್_ದಾಸ · ಜುಲೈ 3, ರಾತ್ರಿ 9:12

ಬಲಗಡೆ ರೈಲನ್ನ ತಲೆಕೆಳಗು ಹಾಕಿದ್ದೀರಿ, ಮತ್ತು ಕೊಯ್ದ ಜಾಗ ತಪ್ಪು. ಎರಡು ತಪ್ಪು ಸೇರಿ ಹೀಗಾಗಿದೆ. ಒಂದೇ ಆಗಿದ್ದರೆ ಗೊತ್ತೂ ಆಗ್ತಿರಲಿಲ್ಲ.

ಸ್ವಲ್ಪ ತಾಳ್ಮೆಯಿಂದ ಓದಿ. ಒಂದು ಯು ಅಂದರೆ 44.45 ಮಿ.ಮೀ. ಅದರೊಳಗೆ ಮೂರು ತೂತು. ಆದರೆ ತೂತುಗಳು ಸಮದೂರದಲ್ಲಿ ಇರಲ್ಲ: 15.875, 15.875, ಆಮೇಲೆ 12.7, ಮತ್ತೆ 15.875, 15.875, 12.7, ಹೀಗೆ. ಆ ಚಿಕ್ಕ ಅಂತರ, ಅಂದರೆ ಅರ್ಧ ಇಂಚಿನದು, ಎರಡು ಯುಗಳ ನಡುವಿನ ಬೇಲಿ. ಯುನ ಗಡಿ ಹಾದುಹೋಗೋದು ಆ ಬೇಲಿಯ ನಟ್ಟನಡುವೆ. ಅಲ್ಲೇ ಕೊಯ್ದರೆ ರೈಲಿನ ಎರಡೂ ತುದಿ ಒಂದೇ ಥರ ಇರುತ್ತೆ, ತಲೆಕೆಳಗು ಹಾಕಿದರೂ ತೂತಿಗೆ ತೂತು ಕೂಡುತ್ತೆ. ನೀವು ಬೇಲಿ ಬಿಟ್ಟು ಗದ್ದೆಯೊಳಗೆ ಕೊಯ್ದಿದ್ದೀರಿ.

ಬಲಗಡೆಯದ್ದನ್ನ ತಿರುಗಿಸಿ ಹಾಕಿ ನೋಡಿ, ಕೂಡುತ್ತೆ. ಆದರೆ ನಾಲ್ಕಕ್ಕೂ ಮಾರ್ಕರಿನಲ್ಲಿ ಬಾಣ ಹಾಕಿ ಯಾವುದು ಮೇಲೆ ಅಂತ ಬರೆದಿಡಿ. ಇಲ್ಲಾಂದರೆ ಮುಂದಿನ ಮಳೆಗಾಲಕ್ಕೆ ಬಿಚ್ಚಿದಾಗ ಇದೇ ಪ್ರಶ್ನೆ ಮತ್ತೆ ಕೇಳ್ತೀರಿ.

ಸಿರ್ಸಿ_ತಂತಿ · ಜುಲೈ 3, ರಾತ್ರಿ 9:55

ಕೂಡಿತು! ಬೇಲಿ-ಗದ್ದೆ ಉದಾಹರಣೆ ಸಾಯೋವರೆಗೆ ಮರೆಯಲ್ಲ.

ಪರದೇಶಿ_ಪ್ಯಾಕೆಟ್ · ಜುಲೈ 4, ನಸುಕು 3:20

ಜರ್ಮನಿಯಿಂದ ಬರೀತಿದ್ದೀನಿ, ಮೂಲ ಹಾಸನ. ಇಲ್ಲಿ ಸಂಗೀತ ಕಾರ್ಯಕ್ರಮದವರು ಬಳಸೋ ಪೆಟ್ಟಿಗೆಗಳನ್ನ ಬಿಚ್ಚಿ ನೋಡಿದ ಅನುಭವದಿಂದ ಎರಡು ಮಾತು. ಹೊರಗಿನ ಪೆಟ್ಟಿಗೆಗೆ ತಗಡು ಬೇಡ, 9 ಮಿ.ಮೀ. ಪ್ಲೈವುಡ್ ಸಾಕು, ಅಂಚಿಗೆ ಅಲ್ಯೂಮಿನಿಯಂ ಪಟ್ಟಿ, ಮೂಲೆಗೆ ಕಬ್ಬಿಣದ ಗುಂಡು ಮೂಲೆ. ಮುಂದೆ ಹಿಂದೆ ಎರಡೂ ಕಡೆ ಪೂರ್ತಿ ತೆಗೆಯೋ ಮುಚ್ಚಳ ಇಡಿ. ಕದ ಬೇಡ. ಕದ ಇದ್ದರೆ ಇಕ್ಕಟ್ಟಾದ ಜಾಗದಲ್ಲಿ ತೆರೆಯೋಕೇ ಆಗಲ್ಲ.

ಮುಖ್ಯವಾದದ್ದು, ರೈಲಿನ ಚೌಕಟ್ಟನ್ನ ಪ್ಲೈವುಡ್‌ಗೆ ನೇರ ಬಿಗಿಯಬೇಡಿ. ನಡುವೆ ರಬ್ಬರ್ ಮೌಂಟ್ ಕೊಟ್ಟು ಚೌಕಟ್ಟು ಒಳಗೆ ತೇಲೋ ಹಾಗಿರಲಿ. ಸುತ್ತ ಮೂರು ಸೆಂಟಿಮೀಟರ್ ಜಾಗ ಬಿಡಿ. ಹಿಂದುಗಡೆ ಪ್ಲಗ್ಗು, ತಂತಿ ಬಾಗೋಕೆ ಹತ್ತು ಸೆಂಟಿಮೀಟರ್. ಫೈಬರ್ ಇದ್ದರೆ ಅದಂತೂ ಕಡಿದಾಗಿ ಬಾಗಬಾರದು.

ಇದೆಲ್ಲ ಬೇಡ, ಇನ್ನೂ ಅಗ್ಗ ಬೇಕು ಅಂದರೆ ಇಲ್ಲೊಂದು ಉಪಾಯ ಇದೆ. ನಾಲ್ಕು ವರ್ಷಕ್ಕೊಮ್ಮೆ ಬಯಲಲ್ಲಿ ನಡೆಯೋ ಕೇಯಾಸ್ ಕಮ್ಯುನಿಕೇಶನ್ ಕ್ಯಾಂಪ್‌ನಲ್ಲಿ ಸಾವಿರಾರು ಜನ ಡೇರೆ ಹಾಕ್ತಾರೆ. ಅವರಿಗೆ ನೆಟ್‌ವರ್ಕ್ ಕೊಡೋ ಸ್ವಿಚ್‌ಗಳನ್ನ ಇಡೋದು ಎಲ್ಲಿ ಗೊತ್ತಾ? ಪ್ಲಾಸ್ಟಿಕ್ಕಿನ ತಾತ್ಕಾಲಿಕ ಪಾಯಖಾನೆ ಡಬ್ಬಿಗಳಲ್ಲಿ! ಮಳೆ ಬೀಳಲ್ಲ, ಗಾಳಿ ಆಡುತ್ತೆ, ಬಾಗಿಲಿಗೆ ಚಿಲಕ ಇದೆ. ಅದಕ್ಕೆ ‘ದಾಟೆನ್‌ಕ್ಲೋ’ ಅಂತ ಹೆಸರು, ಡೇಟಾ ಕಕ್ಕಸು ಅಂತ. 2023ರಲ್ಲಿ ಬರ್ಲಿನ್ನಿನ ಉತ್ತರಕ್ಕಿರೋ ಮಿಲ್ಡೆನ್‌ಬೆರ್ಗ್ ಅನ್ನೋ ಊರಿನ ಹಳೇ ಇಟ್ಟಿಗೆ ಭಟ್ಟಿಯ ಮೈದಾನದಲ್ಲಿ ನಡೆದಿತ್ತು.

ಗುಜರಿ_ಗುಂಡ · ಜುಲೈ 4, ಬೆಳಿಗ್ಗೆ 9:01

ಸಿರ್ಸಿ ಅಣ್ಣ, ದೇವಸ್ಥಾನದ ಎದುರು ಇದನ್ನ ಮಾತ್ರ ಮಾಡೋಕೆ ಹೋಗ್ಬೇಡಿ 😂

ಸಿರ್ಸಿ_ತಂತಿ · ಆಗಸ್ಟ್ 10, ಸಂಜೆ 5:30

ಚೌಕಟ್ಟು ಆಯ್ತು, ಪೆಟ್ಟಿಗೆ ಆಯ್ತು. ಆಳ 50 ಸೆಂ.ಮೀ. ಹಳೇ ಕ್ಯಾಬಿನೆಟ್‌ನ ಪಕ್ಕದ ತಗಡೊಂದನ್ನ ಕೊಯ್ದು ಯುಪಿಎಸ್ ಕೆಳಗಿನ ತಟ್ಟೆ, ಖಾಲಿ ಯುಗಳಿಗೆ ಮುಚ್ಚುಪಟ್ಟಿ ಮಾಡಿಕೊಂಡೆ. ಅವಕ್ಕೆ ಪೌಡರ್ ಕೋಟಿಂಗ್ ಹೊಡೆಸೋಕೆ ಹುಬ್ಬಳ್ಳಿಗೆ ಕಳಿಸಿದ್ದೆ. ಕೋಟಿಂಗಿನವರು ಮೊದಲು ತೊಟ್ಟಿಗಳಲ್ಲಿ ಅದ್ದಿ ಎಣ್ಣೆ, ತುಕ್ಕು ತೆಗೆದು, ಆಮೇಲೆ ಪುಡಿ ಊದಿ 200 ಡಿಗ್ರಿ ಹತ್ತಿರದ ಒಲೆಯಲ್ಲಿ ಬೇಯಿಸ್ತಾರಂತೆ. ಬಣ್ಣ ಕಪ್ಪು ಅಂದಿದ್ದೆ, ಬೂದು ಬಂತು. ಇರಲಿ.

ಆದರೆ ಒಂದು ಬೇಜಾರಿನ ಸುದ್ದಿ. ಪರೀಕ್ಷೆಗೆ ಅಂತ ಎಲ್ಲ ತುಂಬಿಸಿ ದೇವಿಮನೆ ಘಟ್ಟ ಇಳಿದು ಕುಮಟೆವರೆಗೆ ಹೋಗಿ ಬಂದೆ. ವಾಪಸ್ ಬಂದು ಮುಚ್ಚಳ ತೆಗೆದರೆ ಯುಪಿಎಸ್ ಮುಂದಕ್ಕೆ ಮುಗ್ಗರಿಸಿದ ಹಾಗೆ ನಿಂತಿದೆ. ಎರಡೂ ಕಿವಿ ಬಗ್ಗಿವೆ. ಸ್ವಿಚ್‌ನ ಒಂದು ಸ್ಕ್ರೂ ಕಳಚಿ ಪ್ಯಾಚ್ ಪ್ಯಾನೆಲ್ ಮೇಲೆ ಬಿದ್ದಿತ್ತು. ತಟ್ಟೆ ಕೋಟಿಂಗಿಗೆ ಹೋಗಿತ್ತಲ್ಲ, ಒಂದೇ ದಿನ ಅಂತ ಮುಂದಿನ ನಾಲ್ಕು ಸ್ಕ್ರೂನಲ್ಲೇ ನೇತು ಹಾಕಿದ್ದೆ.

ಹುಬ್ಬಳ್ಳಿ_ಫ್ಯಾಬ್ · ಆಗಸ್ಟ್ 10, ಸಂಜೆ 7:19

ಆಗಬೇಕಾದ್ದ ಆಗೇತಿ ಬಿಡ್ರಿ. ನಿಂತ ಕ್ಯಾಬಿನೆಟ್ಟಿನ್ಯಾಗ ಭಾರ ಕೆಳಗ ಅಷ್ಟ ಎಳೀತೈತಿ. ಗಾಡ್ಯಾಗ ಹಂಗಲ್ಲ, ಬ್ರೇಕ್ ಹಾಕಿದ್ರ ಮುಂದ, ಗುಂಡಿ ಬಂದ್ರ ಮ್ಯಾಲ, ತಿರುವು ಬಂದ್ರ ಬಾಜೂಕ. ಹದಿಮೂರ್ ಕೆ.ಜಿ. ಸಾಮಾನಿನ ಹಿಂದಿನ ತುದಿ ಗಾಳ್ಯಾಗ ಇದ್ರ ಆ ಕಿವಿ ಎಷ್ಟಂತ ತಡೀಬೇಕು? ಭಾರ ಇದ್ದದ್ದಕ್ಕೆಲ್ಲ ಹಿಂದಿನ ರೈಲಿನಿಂದ ಮುಂದಿನ ರೈಲಿಗೆ ಆಂಗಲ್ ಕೊಡ್ರಿ, ಸಾಮಾನು ಅದರ ಮ್ಯಾಲ ಕೂಡ್ಲಿ. ಮುಂದಿನ ಸ್ಕ್ರೂ ಬರೇ ಜಾರದಂಗ ಹಿಡಿಯಾಕ. ಚೌಕಟ್ಟಿನ ಬೋಲ್ಟಿಗೆ ಸಡಿಲ ಆಗದ ನೈಲಾಕ್ ನಟ್ ಹಾಕ್ರಿ, ಕೇಜ್ ನಟ್ಟಿನ ಸ್ಕ್ರೂಗೆ ಸ್ಪ್ರಿಂಗ್ ವಾಶರ್. ಮತ್ತ ಪ್ರತಿ ಸಲ ಹೋಗಿ ಬಂದ ಮ್ಯಾಲ ಸ್ಕ್ರೂಡ್ರೈವರ್ ಹಿಡದು ಒಂದ್ ಸುತ್ತ ನೋಡೂದು ರೂಢಿ ಮಾಡ್ಕೊರಿ.

ಚಕ್ರ ಎಂಥಾವು ಹಾಕೀರಿ?

ಸಿರ್ಸಿ_ತಂತಿ · ಆಗಸ್ಟ್ 10, ಸಂಜೆ 7:40

ಹಳೇ ಕ್ಯಾಬಿನೆಟ್ಟಿನದ್ದೇ, ಎರಡಿಂಚಿನವು.

ಹುಬ್ಬಳ್ಳಿ_ಫ್ಯಾಬ್ · ಆಗಸ್ಟ್ 10, ಸಂಜೆ 7:52

ಅವು ಟೈಲ್ಸ್ ಮ್ಯಾಲ ಓಡಾಡೂ ಚಕ್ರ. ಬಯಲಾಟದ ಗದ್ದ್ಯಾಗ ಹೂತು ಹೋಗತಾವ. ನಾಕಿಂಚಿನ ರಬ್ಬರ್ ಇಲ್ಲಾ ಪಿಯು (ಪಾಲಿಯುರೆಥೇನ್) ಚಕ್ರ ತಗೋರಿ, ಎರಡಕ್ಕರೆ ಬ್ರೇಕ್ ಇರಲಿ. ತೂಕದ ಲೆಕ್ಕಾ ಹಾಕೂ ಮುಂದ ನಾಕರಿಂದ ಭಾಗಿಸಬ್ಯಾಡ್ರಿ, ಮೂರರಿಂದ ಭಾಗಸ್ರಿ. ನೆಲ ಸಪಾಟ ಇಲ್ಲಾಂದ್ರ ಒಂದ್ ಚಕ್ರ ಯಾವಾಗಲೂ ಗಾಳ್ಯಾಗ ಇರತೈತಿ.

ಕಡಲತಡಿ · ಆಗಸ್ಟ್ 11, ಬೆಳಿಗ್ಗೆ 10:05

ಇಷ್ಟು ಹೊತ್ತು ಎಲ್ಲರೂ ಕಬ್ಬಿಣದ್ದೇ ಮಾತಾಡ್ತಾ ಇದ್ದೀರಿ. ಕರೆಂಟಿನ ಬಗ್ಗೆ ಎಂತ ಮಾಡಿದ್ದೀರಿ ಮಾರಾಯ್ರೆ? ನಾನು ಮಂಗಳೂರು ಕಡೆ ಪೆಂಡಾಲಿಗೆ ಲೈಟಿಂಗ್, ವಯರಿಂಗ್ ಮಾಡುವವ. ಒಂದು ಕತೆ ಹೇಳ್ತೇನೆ.

ಮೂರು ವರ್ಷದ ಹಿಂದೆ ಒಂದು ಕಡೆ ತ್ರೀ ಫೇಸ್ ಜನರೇಟರ್ ಇತ್ತು. ಹಂಚುವ ಬೋರ್ಡಿನಲ್ಲಿ ನ್ಯೂಟ್ರಲ್ ತಂತಿ ಸಡಿಲ. ರಾತ್ರಿ ಹನ್ನೆರಡಕ್ಕೆ ಅದು ಕಳಚಿತು. ನ್ಯೂಟ್ರಲ್ ಹೋದರೆ ಎಂತ ಆಗ್ತದೆ ಗೊತ್ತುಂಟಲ್ಲ? ಮೂರು ಫೇಸುಗಳ ಲೋಡು ಒಂದಕ್ಕೊಂದು ಜಗ್ಗಲಿಕ್ಕೆ ಶುರು ಮಾಡ್ತವೆ. ಭಾರಿ ಲೋಡಿನ ಫೇಸಿನಲ್ಲಿ ವೋಲ್ಟೇಜ್ ಬೀಳ್ತದೆ, ಸಣ್ಣ ಲೋಡಿನ ಫೇಸಿನಲ್ಲಿ 400ರ ಹತ್ತಿರಕ್ಕೆ ಹಾರ್ತದೆ. ನಮ್ಮ ಹ್ಯಾಲೊಜನ್ ಇದ್ದ ಕಡೆ ಮಿಣಮಿಣ, ಕ್ಯಾಮೆರಾದವರ ಮೇಜಿನಲ್ಲಿ ಹೊಗೆ. ಎರಡು ಸ್ವಿಚ್, ಒಂದು ಲ್ಯಾಪ್‌ಟಾಪ್ ಚಾರ್ಜರ್, ಯುಪಿಎಸ್ ಎಲ್ಲ ಢಮಾರ್. ಯುಪಿಎಸ್ ಕಾಪಾಡ್ತದೆ ಅಂತ ನಂಬಿದ್ದರು ಪಾಪ, ಅದೇ ಮೊದಲು ಹೋಯ್ತು.

ಹಾಗಾಗಿ ಪೆಟ್ಟಿಗೆಯ ಬಾಯಲ್ಲೇ, ಯುಪಿಎಸ್‌ಗೂ ಮೊದಲು, ವೋಲ್ಟೇಜ್ ಕಟ್ ಮಾಡುವ ರಿಲೇ ಹಾಕಿ. 170ಕ್ಕಿಂತ ಕೆಳಗೆ, 270ಕ್ಕಿಂತ ಮೇಲೆ ಹೋದರೆ ಅದು ತನ್ನಷ್ಟಕ್ಕೆ ಬಿಡಿಸ್ತದೆ. ಎಂಸಿಬಿ (ಲೋಡು ಮಿತಿ ಮೀರಿದರೆ ಬೀಳುವ ಸ್ವಿಚ್) ಪಕ್ಕದಲ್ಲಿ ಡಿನ್ ರೈಲಿನ ಮೇಲೆ ಕೂರ್ತದೆ. ಅದರ ಜತೆ 30 ಮಿಲಿಯಾಂಪಿನ ಆರ್‌ಸಿಸಿಬಿ, ಕರೆಂಟ್ ಸೋರಿದರೆ ಬಿಡಿಸುವಂಥದ್ದು.

ಮತ್ತೆ ಅರ್ತಿಂಗ್. ಪೌಡರ್ ಕೋಟಿಂಗ್ ಕರೆಂಟ್ ಹಾಯಿಸುವುದಿಲ್ಲ. ಬಣ್ಣದ ಮೇಲೆ ಬೋಲ್ಟ್ ಬಿಗಿದರೆ ಅರ್ತ್ ಆಯ್ತು ಅಂತ ತಿಳೀಬೇಡಿ. ಅಲ್ಲಿ ಬಣ್ಣ ಕೆರೆದು, ಹಲ್ಲಿನ ವಾಶರ್ ಹಾಕಿ, ಹಸಿರು-ಹಳದಿ ತಂತಿ ಕೊಡಿ. ನಾಲ್ಕು ರೈಲಿಗೂ, ತಟ್ಟೆಗೂ.

ಡೇಟಾಸೆಂಟರ್_ದಾಸ · ಆಗಸ್ಟ್ 11, ಬೆಳಿಗ್ಗೆ 11:30

ಒಳ್ಳೆ ಮಾತು. ಒಂದು ತಿದ್ದುಪಡಿ ಮಾತ್ರ. ಜನರೇಟರಿನ ನ್ಯೂಟ್ರಲ್ಲನ್ನ ಭೂಮಿಗೆ ಜೋಡಿಸದೇ ಇದ್ದರೆ ಆರ್‌ಸಿಸಿಬಿ ಇದ್ದೂ ಇಲ್ಲದ ಹಾಗೆ. ಸೋರಿದ ಕರೆಂಟಿಗೆ ವಾಪಸ್ ಹೋಗೋ ದಾರಿಯೇ ಇಲ್ಲದಿದ್ದರೆ ಅದು ಟ್ರಿಪ್ ಆಗೋದಾದರೂ ಹೇಗೆ? ಚಿಕ್ಕ ಪೋರ್ಟಬಲ್ ಜನರೇಟರುಗಳಲ್ಲಿ ಎಷ್ಟೋ ಸಲ ನ್ಯೂಟ್ರಲ್ ಹಾಗೇ ತೇಲ್ತಿರುತ್ತೆ.

ಕಡಲತಡಿ · ಆಗಸ್ಟ್ 11, ಮಧ್ಯಾಹ್ನ 12:10

ಸರಿಯೇ. ಅದಕ್ಕೇ ನಾನು ಎಲ್ಲಿಗೆ ಹೋದರೂ ಮೊದಲು ಜನರೇಟರಿನ ಹತ್ತಿರ ಹೋಗಿ ಅರ್ತ್ ಸರಳು ಉಂಟಾ, ನ್ಯೂಟ್ರಲ್ ಅದಕ್ಕೆ ಸೇರಿದೆಯಾ ನೋಡುವುದು. ಇಲ್ಲದಿದ್ದರೆ ಜನರೇಟರಿನವರ ಹತ್ತಿರವೇ ಮಾಡಿಸುವುದು, ನಾವು ಕೈ ಹಾಕಬಾರದು. ಚಹಾ ಕುಡಿಯುವುದು ಆಮೇಲೆ.

ಮಿಂಚುಹುಳ · ಆಗಸ್ಟ್ 11, ರಾತ್ರಿ 8:44

ನಾನು ಹೊಸಬಳು, ಪೆದ್ದು ಪ್ರಶ್ನೆ ಇದ್ದರೆ ಕ್ಷಮಿಸಿ. 4ಜಿ ಮೋಡೆಮ್ ಕಬ್ಬಿಣದ ಚೌಕಟ್ಟಿನೊಳಗೆ ಇಟ್ಟರೆ ಸಿಗ್ನಲ್ ಬರುತ್ತಾ? ಮತ್ತೆ ಈ ಯುಪಿಎಸ್ ಎಷ್ಟು ಹೊತ್ತು ನಿಲ್ಲುತ್ತೆ?

ಸಿರ್ಸಿ_ತಂತಿ · ಆಗಸ್ಟ್ 11, ರಾತ್ರಿ 9:30

ಪೆದ್ದು ಪ್ರಶ್ನೆ ಅಲ್ಲ, ನಾನೇ ಬಿದ್ದ ಹಳ್ಳ ಅದು. ಒಳಗೆ ಇಟ್ಟರೆ ಸಿಗ್ನಲ್ ಕಡ್ಡಿ ನಾಲ್ಕರಿಂದ ಒಂದಕ್ಕೆ ಇಳೀತು. ಈಗ ಮೋಡೆಮ್ ಒಳಗೆ, ಆಂಟೆನಾ ಹೊರಗೆ. ಹಿಂದಿನ ಪಟ್ಟಿಯಲ್ಲಿ ತೂತು ಕೊರೆದು ಎಸ್‌ಎಂಎ ಕನೆಕ್ಟರ್ ಕೂರಿಸಿದ್ದೀನಿ. ಆಂಟೆನಾ ತಂತಿ ಉದ್ದ ಆದಷ್ಟೂ ಸಿಗ್ನಲ್ ತಿಂದುಹಾಕುತ್ತೆ, ಹಾಗಾಗಿ ಮೂರು ಮೀಟರ್ ದಾಟಿಸಿಲ್ಲ. ನಮ್ಮ ಕಡೆ ಕೆಲವು ಊರಲ್ಲಿ ಒಂದೇ ಕಂಪನಿಯ ಟವರ್ ಇರೋದರಿಂದ ಎರಡು ಮೋಡೆಮ್‌ಗೆ ಎರಡು ಬೇರೆ ಸಿಮ್. ಎರಡೂ ಇಲ್ಲದ ಕಡೆ ಹತ್ತಿರದ ಮನೆಯ ಫೈಬರ್ ಕನೆಕ್ಷನ್ನೇ ದೇವರು.

ಯುಪಿಎಸ್ ಲೆಕ್ಕ: ಒಳಗೆ 12 ವೋಲ್ಟ್ 7 ಎಎಚ್ ಬ್ಯಾಟರಿ ಎರಡು. ಕಾಗದದ ಮೇಲೆ 168 ವ್ಯಾಟ್-ಅವರ್. ನಮ್ಮ ಲೋಡು ನಾಲ್ಕು ಕ್ಯಾಮೆರಾ, ಎರಡು ವೈಫೈ ಎಲ್ಲ ಸೇರಿ 110 ವ್ಯಾಟ್. ಭಾಗಿಸಿದರೆ ಒಂದೂವರೆ ಗಂಟೆ ಅನ್ನಿಸುತ್ತೆ. ಅಳೆದು ನೋಡಿದ್ದು 45 ನಿಮಿಷ! ಸೀಸದ ಬ್ಯಾಟರಿಯನ್ನ ಹೀಗೆ ಜೋರಾಗಿ ಹೀರಿದರೆ ಅದು ಪೂರ್ತಿ ಕೊಡಲ್ಲ, ಇನ್ವರ್ಟರ್ ಬೇರೆ ಪಾಲು ತಿನ್ನುತ್ತೆ. ಜನರೇಟರಿಗೆ ಡೀಸೆಲ್ ತರೋಕೆ ಹೋದವ ವಾಪಸ್ ಬರೋವರೆಗೆ ಸಾಕು.

ಪರದೇಶಿ_ಪ್ಯಾಕೆಟ್ · ಆಗಸ್ಟ್ 12, ನಸುಕು 2:05

ಲಿಥಿಯಂ ಹಾಕಬಾರದಾ?

ಕಡಲತಡಿ · ಆಗಸ್ಟ್ 12, ಬೆಳಿಗ್ಗೆ 7:30

ಸೀಸದ ಬ್ಯಾಟರಿಗೆ ಮಾಡಿದ ಯುಪಿಎಸ್ ಒಳಗೆ ಸುಮ್ಮನೆ ಲಿಥಿಯಂ ತುರುಕಲಿಕ್ಕೆ ಆಗುವುದಿಲ್ಲ. ಚಾರ್ಜ್ ಮಾಡುವ ವೋಲ್ಟೇಜೇ ಬೇರೆ. ಅದಕ್ಕೆ ಹೊಂದುವ ಚಾರ್ಜರ್, ಬ್ಯಾಟರಿಯನ್ನು ಕಾಯುವ ಬಿಎಂಎಸ್ ಎಲ್ಲ ಲೆಕ್ಕ ಹಾಕಿಯೇ ಮಾಡಬೇಕು. ಪ್ಲೈವುಡ್ ಪೆಟ್ಟಿಗೆಯೊಳಗೆ ಪ್ರಯೋಗ ಬೇಡ.

ಸಿರ್ಸಿ_ತಂತಿ · ಸೆಪ್ಟೆಂಬರ್ 21, ಸಂಜೆ 4:15

ಇವತ್ತಿನ ದರ್ಶನ: ಒಂದೂವರೆ ತಿಂಗಳು ಸುಮ್ಮನೆ ಇಟ್ಟಿದ್ದ ಪೆಟ್ಟಿಗೆಯ ಸ್ವಿಚ್ ಮೇಲೆ ಹಲ್ಲಿ ಮೊಟ್ಟೆ, ಎರಡು. ತಂತಿ ಬರೋ ತೂತಿಂದ ನುಗ್ಗಿದೆ. ಯುಪಿಎಸ್ ಹಿಂದೆ ಇರುವೆ ಸಾಲು.

ಗುಜರಿ_ಗುಂಡ · ಸೆಪ್ಟೆಂಬರ್ 21, ಸಂಜೆ 4:40

ಹಲ್ಲಿ ಶಕುನ ನೋಡಿ ಹೇಳಿ, ಯಾವ ಪೋರ್ಟ್ ಮೇಲೆ ಇಟ್ಟಿತ್ತು?

ಸಿರ್ಸಿ_ತಂತಿ · ಸೆಪ್ಟೆಂಬರ್ 21, ಸಂಜೆ 4:52

23, 24ರ ನಡುವೆ. ತೂತಿಗೆ ಬ್ರಶ್ ಪಟ್ಟಿ ಹಾಕಿದೆ. ಹಳೇ ಕ್ಯಾಬಿನೆಟ್ ತಲೆಯಲ್ಲಿದ್ದ ನಾಲ್ಕಿಂಚಿನ ಫ್ಯಾನುಗಳನ್ನೂ ಬಿಚ್ಚಿ ಬಳಸಿಕೊಂಡೆ, ಆದರೆ ಗಾಳಿ ಹೊರಗೆ ಎಳೆಯೋ ಹಾಗಲ್ಲ, ಒಳಗೆ ನೂಕೋ ಹಾಗೆ. ನೂಕೋ ಬಾಯಿಗೆ ಸ್ಪಂಜಿನ ಜಾಲರಿ. ಒಳಗೆ ಗಾಳಿ ತುಂಬಿಕೊಂಡು ಸಂದಿಗಳಿಂದ ಹೊರಗೆ ಬರ್ತಾ ಇದ್ದರೆ ಧೂಳು ಆ ಸಂದಿಗಳಿಂದ ಒಳಗೆ ಬರಲ್ಲ. ಎರಡು ವರ್ಷಕ್ಕೊಮ್ಮೆ ನಡೆಯೋ ನಮ್ಮ ಮಾರಿಕಾಂಬಾ ಜಾತ್ರೆಗೆ ನಿಂತವರಿಗೆ ಗೊತ್ತು, ಎಂಟು ದಿನಕ್ಕೆ ಎಷ್ಟು ಕೆಂಧೂಳು ಕುಡೀಬಹುದು ಅಂತ.

ಮಿಂಚುಹುಳ · ಸೆಪ್ಟೆಂಬರ್ 21, ರಾತ್ರಿ 9:10

ಇಬ್ಬನಿಗೆ ಏನು ಮಾಡ್ತೀರಿ? ಆಟ ಮುಗಿಯೋದು ಬೆಳಗಿನ ಜಾವ ಅಲ್ವಾ.

ಸಿರ್ಸಿ_ತಂತಿ · ಸೆಪ್ಟೆಂಬರ್ 21, ರಾತ್ರಿ 9:34

ಚಾಲೂ ಇರೋವರೆಗೆ ತೊಂದರೆ ಇಲ್ಲ, ಒಳಗಿನ ಬಿಸಿಗೆ ಇಬ್ಬನಿ ಕೂರಲ್ಲ. ಕಷ್ಟ ಆಫ್ ಮಾಡಿದ ಮೇಲೆ. ತಣ್ಣಗಾದ ಪೆಟ್ಟಿಗೆಯನ್ನ ಮನೆಯೊಳಗಿನ ಬೆಚ್ಚಗಿನ ತೇವದ ಗಾಳಿಗೆ ತಂದು ತಕ್ಷಣ ಆನ್ ಮಾಡಬಾರದು. ಮುಚ್ಚಳ ಹಾಕಿಯೇ ಇಟ್ಟು, ಮಧ್ಯಾಹ್ನ ಊಟ ಮಾಡಿ ಎದ್ದ ಮೇಲೆ ತೆಗೆಯೋದು. ನಮಗೂ ನಿದ್ದೆ ಆಗುತ್ತೆ.

ಸಿರ್ಸಿ_ತಂತಿ · ನವೆಂಬರ್ 23, ಮಧ್ಯಾಹ್ನ 1:20

ಮೊದಲ ಆಟ ಇವತ್ತು ಬೆಳಿಗ್ಗೆ ಮುಗೀತು. ರಾತ್ರಿ ಒಂಬತ್ತೂವರೆಯಿಂದ ಬೆಳಿಗ್ಗೆ ಆರರವರೆಗೆ ಒಂದು ಸಲವೂ ಪ್ರಸಾರ ನಿಲ್ಲಲಿಲ್ಲ. ಪೆಟ್ಟಿಗೆ ಜೋಡಿಸೋಕೆ 18 ನಿಮಿಷ. ಎರಡು ಸಲ ಜನರೇಟರ್ ಕೈ ಕೊಟ್ಟಿತು, ಒಂದು ಸಲ ವೋಲ್ಟೇಜ್ ರಿಲೇ ಬಿಡಿಸಿತು (ಕಡಲತಡಿಯವರೇ, ನಿಮಗೆ ಒಂದು ಊಟ ಬಾಕಿ). ಚೌಕಿ ಕಡೆಯಿಂದ ಬಂದ ಯಾವ ಕಾಲಿಗೂ ಏನೂ ತಾಗಲಿಲ್ಲ.

ತಪ್ಪೂ ಆಯ್ತು. ರಂಗಸ್ಥಳದಿಂದ ನಮ್ಮ ಮೇಜಿಗೆ 140 ಮೀಟರ್. ತಾಮ್ರದ ತಂತಿ 100 ಮೀಟರಿಗೇ ಕೈ ಎತ್ತುತ್ತೆ, ಅಲ್ಲದೆ ಈ ಹಿಂಗಾರು ಸಿಡಿಲಿನ ಕಾಲದಲ್ಲಿ ಗದ್ದೆಗುಂಟ ತಾಮ್ರ ಎಳೆಯೋ ಧೈರ್ಯ ನನಗಿಲ್ಲ. ಹಾಗಾಗಿ ಒಂದೆಳೆ ಫೈಬರ್ ಎಳೆದಿದ್ದೆ. ಎರಡೂ ತುದಿಗೆ ಎಸ್‌ಎಫ್‌ಪಿ (ಫೈಬರಿನಲ್ಲಿ ಬೆಳಕು ಕಳಿಸಿ ಕೇಳೋ ಮಾಡ್ಯೂಲ್) ಹಾಕಿ ಕೂತರೆ ದೀಪವೇ ಹತ್ತಲ್ಲ. ಅರ್ಧ ಗಂಟೆ ಫೈಬರ್ ಒರೆಸಿದ್ದೇ ಒರೆಸಿದ್ದು. ಆಮೇಲೆ ನೋಡಿದರೆ ಎರಡೂ ಒಂದೇ ಜಾತಿಯವು! ಒಂದೆಳೆಯಲ್ಲಿ ಓಡೋ ಮಾಡ್ಯೂಲ್ ಜೋಡಿಯಾಗಿಯೇ ಇರಬೇಕು, ಒಂದು 1310 ನ್ಯಾನೊಮೀಟರ್ ಬೆಳಕಿನಲ್ಲಿ ಕಳಿಸಿ 1550ರಲ್ಲಿ ಕೇಳಿದರೆ ಇನ್ನೊಂದು ಉಲ್ಟಾ. ಗಂಡಿಗೆ ಗಂಡು ಕಟ್ಟಿ ಮಂಗಳವಾದ್ಯ ಊದಿಸ್ತಿದ್ದೆ. ಸರಿಯಾದ ಜೋಡಿ ಗಾಡಿಯಲ್ಲೇ ಇತ್ತು, ಬಚಾವಾದೆ. ಈಗ ನೀಲಿ, ಹಳದಿ ಇನ್ಸುಲೇಶನ್ ಟೇಪು ಸುತ್ತಿಟ್ಟಿದ್ದೀನಿ.

ಇನ್ನೊಂದು, ಎಲ್ಲ ತುಂಬಿದ ಪೆಟ್ಟಿಗೆ 46 ಕೆ.ಜಿ. ಚಕ್ರ ಎಷ್ಟು ದೊಡ್ಡದಿದ್ದರೂ ಗದ್ದೆಯ ಅಂಚು ದಾಟೋಕೆ ಹೊರಲೇಬೇಕು, ಇಬ್ಬರು ಏದುಸಿರು ಬಿಟ್ಟೆವು. ಯುಪಿಎಸ್, ರಿಲೇ, ಎಂಸಿಬಿಯನ್ನ ಬೇರೆ ಚಿಕ್ಕ ಪೆಟ್ಟಿಗೆಗೆ ಇಳಿಸ್ತಾ ಇದ್ದೀನಿ. 33 ಒಂದು, ಇನ್ನೊಂದು ಹೊಸ ಪೆಟ್ಟಿಗೆಯ ತೂಕವೂ ಸೇರಿ ಹೆಚ್ಚುಕಮ್ಮಿ 19 ಆಗಬಹುದು. ಇದನ್ನ ಜೂನ್‌ನಲ್ಲೇ ಯಾರಾದರೂ ಹೇಳಬಾರದಿತ್ತಾ?

ಡೇಟಾಸೆಂಟರ್_ದಾಸ · ನವೆಂಬರ್ 23, ಮಧ್ಯಾಹ್ನ 1:45

ಜೂನ್ 15, ಬೆಳಿಗ್ಗೆ 8:20. ಮೇಲೆ ಹೋಗಿ ಓದಿ.

ಹುಬ್ಬಳ್ಳಿ_ಫ್ಯಾಬ್ · ನವೆಂಬರ್ 23, ಮಧ್ಯಾಹ್ನ 2:30

ಸಣ್ಣ ಪೆಟ್ಟಿಗೀಗೂ ರೈಲು ಬೇಕಲ್ಲ, ಉಳಿದ 15 ಯು ತುಂಡಿನ್ಯಾಗ ಕೊಯ್ಕೊರಿ. ಬೇಲಿ ಮ್ಯಾಲ ಕೊಯ್ರಿ ಮತ್ತ!

ಮಿಂಚುಹುಳ · ನವೆಂಬರ್ 23, ಸಂಜೆ 5:05

ಇಷ್ಟು ದಿನ ಓದ್ತಾ ಇದ್ದದ್ದು ಒಂದು ಕಾರಣಕ್ಕೆ, ಈಗ ಕೇಳಿಬಿಡ್ತೀನಿ. ನಾನು ಸಿದ್ದಾಪುರದ ಹತ್ತಿರ ಹೈಸ್ಕೂಲ್ ಟೀಚರ್. ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಸ್ವಿಚ್ ಬೆಂಚಿನ ಮೇಲೆ ಇದೆ, ಮಕ್ಕಳು ಅದರ ಮೇಲೆ ಬ್ಯಾಗ್ ಇಡ್ತಾರೆ. ಆ ಹಳೇ ಡಬ್ಬಿ, ಗಾಜಿನ ಬಾಗಿಲು ಇನ್ನೂ ಇದೆಯಾ?

ಸಿರ್ಸಿ_ತಂತಿ · ನವೆಂಬರ್ 23, ಸಂಜೆ 5:20

ಇದೆ ಮೇಡಂ. ಕೊಟ್ಟಿಗೆ ಮಾಡಿನಲ್ಲಿ ನಿಂತಿದೆ. ಒಂದು ಪಕ್ಕದ ತಗಡಿಲ್ಲ, ಆ ಕಡೆ ಗೋಡೆಗೆ ತಾಗಿಸಿಟ್ಟರೆ ಆಯ್ತು. ಚಿಕ್ಕ ಪೆಟ್ಟಿಗೆಗೆ 3 ಯು ಕೊಯ್ದ ಮೇಲೂ 12 ಯು ರೈಲು ಉಳಿಯುತ್ತೆ, ಅದನ್ನ ಒಳಗೆ ಕೂರಿಸಿಯೇ ಕೊಡ್ತೀನಿ. ಬುಡದ ತುಕ್ಕಿಗೆ ಎಮೆರಿ ತಿಕ್ಕಿ ರೆಡ್ ಆಕ್ಸೈಡ್ ಹೊಡೆದಿದ್ದೀನಿ. ಫ್ಯಾನ್ ನನ್ನ ಹತ್ತಿರ ಉಳೀತು, ಅದೊಂದು ಕೇಳಬೇಡಿ. ದುಡ್ಡೂ ಬೇಡ. ಬೀಗಕ್ಕೆ ಕೀ ಮಾತ್ರ ಈಗಲೂ ಇಲ್ಲ.

ಗುಜರಿ_ಗುಂಡ · ನವೆಂಬರ್ 23, ಸಂಜೆ 5:31

ಟೀಚರ್, ಆ ಬೀಗದ ಮೇಲೆ ಒಂದು ನಂಬರ್ ಕೊರೆದಿರುತ್ತೆ, ಫೋಟೋ ಹಾಕಿ. ನನ್ನ ಹತ್ತಿರ ಹಳೇ ಕ್ಯಾಬಿನೆಟ್ ಕೀಗಳದ್ದೇ ಒಂದು ಹಾರ್ಲಿಕ್ಸ್ ಬಾಟಲಿ ಇದೆ.

ಮಿಂಚುಹುಳ · ನವೆಂಬರ್ 23, ಸಂಜೆ 5:40

ಭಾನುವಾರ ಶಾಲೆಯ ಎದುರುಮನೆಯವರ ಪಿಕಪ್ ತಗೊಂಡು ಬರ್ತೀನಿ. ಕಟ್ಟೋಕೆ ಹಗ್ಗ ತರಬೇಕಾ?

ಸಿರ್ಸಿ_ತಂತಿ · ನವೆಂಬರ್ 23, ಸಂಜೆ 5:43

ಹಗ್ಗ ಇದೆ. ಗಾಜಿಗೆ ಸುತ್ತೋಕೆ ಎರಡು ಹಳೇ ಕಂಬಳಿ ತನ್ನಿ.